ಟಿಬಿ ತಟ್ಟೆ-ಲೋಟದಿಂದ ಹರಡುವುದಿಲ್ಲ

'ಮನೆಗೆಲಸದವರಿಗೆ ಟಿಬಿ ಇದ್ದರೆ ಅವರು ಮುಟ್ಟಿದ ಪಾತ್ರೆಯಿಂದಲೇ ಮನೆಮಂದಿಗೆಲ್ಲ ಅಂಟುತ್ತದೆ, ಬಿಡಿಸಿಬಿಡಿ' ಎಂಬ ಮಾತು ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಟಿಬಿ ಹರಡುವುದು ಗಾಳಿಯಲ್ಲಿ. ಶ್ವಾಸಕೋಶದ ಕ್ಷಯ ಇರುವವರು ಕೆಮ್ಮಿದಾಗ, ಅದರಲ್ಲೂ ಗಾಳಿಯಾಡದ ಕೋಣೆಯಲ್ಲಿ ಬಹಳ ಹೊತ್ತು ಜೊತೆಗಿದ್ದರೆ ಅಪಾಯ ಹೆಚ್ಚು. ಸರಿಯಾದ ಮಾತ್ರೆ ಶುರುವಾದ ಕೆಲವೇ ವಾರಗಳಲ್ಲಿ ಸಾಮಾನ್ಯವಾಗಿ ಹರಡುವಿಕೆ ಬಹುಮಟ್ಟಿಗೆ ನಿಲ್ಲುತ್ತದೆ. ಮಾತ್ರೆಯನ್ನು ಮಾತ್ರ 6 ತಿಂಗಳು ಬಿಡದೆ ನುಂಗಬೇಕು.

ಕೆಲಸ ಹೋದೀತೆಂದು ಕೆಮ್ಮನ್ನು ಸೆರಗಿನಲ್ಲಿ ಅದುಮಿಕೊಂಡೇ ಪಾತ್ರೆ ತಿಕ್ಕುವ ಹೆಂಗಸು ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ರೋಗ ಹಬ್ಬುವುದು ಹೀಗೆ. 2 ವಾರ ಕೆಮ್ಮಿದ್ದರೆ ರಜೆ ಕೊಟ್ಟು ಕಳಿಸಿ, ಸಂಬಳ ಹಿಡಿಯಬೇಡಿ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕಫ ಪರೀಕ್ಷೆ, ಮಾತ್ರೆ ಎರಡೂ ಉಚಿತ. ನಿಕ್ಷಯ್ ಪೋಷಣ್ ಯೋಜನೆಯಡಿ 2024ರ ನವೆಂಬರಿನಿಂದ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿಯೂ ಇದೆ.