ವಲಯ 4ರಿಂದ: ಕರೆಂಟಿನ ನಷ್ಟ ಯಾರ ಲೆಕ್ಕಕ್ಕೆ?

ನಮ್ಮ ಮನೆ ವಲಯ 4ರಲ್ಲಿದೆ. ಮಾಲ್ಮೋದಲ್ಲಿ ಮನೆ ಹುಡುಕುವಾಗ ಮಕ್ಕಳ ಶಾಲೆ ಎಷ್ಟು ದೂರ, ಬಸ್ಸು ಹತ್ತಿರ ಸಿಗುತ್ತದಾ ಎಂದೆಲ್ಲ ನೋಡಿದ್ದೆವು. ಕರೆಂಟಿನ ವಲಯ ಯಾವುದು ಅಂತ ಕೇಳಬೇಕೆಂದು ಗೊತ್ತೇ ಇರಲಿಲ್ಲ. 2011ರ ನವೆಂಬರ್ 1ರಂದು ಸ್ವೀಡನ್ನನ್ನು ವಿದ್ಯುತ್ ವ್ಯಾಪಾರಕ್ಕಾಗಿ ನಾಲ್ಕು ಭಾಗ ಮಾಡಿದರು. ಉತ್ತರದ ತುದಿಯ ಲೂಲಿಯೋ 1, ಅದರ ಕೆಳಗೆ ಸುಂಡ್ಸ್‌ವಾಲ್ 2, ಸ್ಟಾಕ್‌ಹೋಮ್ 3, ದಕ್ಷಿಣದ ತುದಿಯ ನಾವು 4. ದೊಡ್ಡ ನದಿಗಳು, ಅಣೆಕಟ್ಟುಗಳು ಇರುವುದು ಉತ್ತರದಲ್ಲಿ. ಜನ ಹೆಚ್ಚಾಗಿರುವುದು ದಕ್ಷಿಣದಲ್ಲಿ. ನಡುವಿನ ತಂತಿಗಳು ಸಾಲದೆ ಬಂದಾಗ ಉತ್ತರದ ಅಗ್ಗದ ಕರೆಂಟು ಅಲ್ಲೇ ಉಳಿಯುತ್ತದೆ, ನಮ್ಮ ಬೆಲೆ ಸಮುದ್ರದಾಚೆಯ ಜರ್ಮನಿ, ಪೋಲೆಂಡ್ ಕಡೆ ವಾಲುತ್ತದೆ.

2020ರಲ್ಲಿ ನಮ್ಮ ವಲಯದ ಸರಾಸರಿ ಸಗಟು ಬೆಲೆ ಯೂನಿಟ್‌ಗೆ 30 ಓರೆಯೂ ಇರಲಿಲ್ಲ. ಇಲ್ಲಿ 100 ಓರೆಗೆ ಒಂದು ಕ್ರೋನಾ. 2022ರಲ್ಲಿ ಅದೇ ಸರಾಸರಿ ಒಂದೂವರೆ ಕ್ರೋನಾ ದಾಟಿತು. ದೇಶದಲ್ಲಿ ಕರೆಂಟಿಗೆ ಬರವಿತ್ತು ಅಂದುಕೊಳ್ಳಬೇಡಿ. ಅದೇ ವರ್ಷ ಸ್ವೀಡನ್ ತನ್ನ ಬಳಕೆ ಕಳೆದು ಉಳಿದ 3,000 ಕೋಟಿ ಯೂನಿಟ್‌ಗೂ ಹೆಚ್ಚು ವಿದ್ಯುತ್ತನ್ನು ಹೊರದೇಶಗಳಿಗೆ ಮಾರಿತ್ತು.

ಆ ಚಳಿಗಾಲ ನಮ್ಮ ಮನೆಯಲ್ಲಿ ಎರಡು ಕೋಣೆಗಳ ಹೀಟರ್ ಆರಿಸಿ ನಾಲ್ಕೂ ಜನ ಒಂದೇ ಕೋಣೆಯಲ್ಲಿ ಮಲಗುತ್ತಿದ್ದೆವು. ಸಾಗರದಿಂದ ಫೋನ್ ಮಾಡಿದ ಅಮ್ಮ, "ಅಷ್ಟು ಶ್ರೀಮಂತ ದೇಶದಲ್ಲಿ ಇದೆಂಥ ಅವಸ್ಥೆ ಮಾರಾಯ್ತಿ? ನಿಮ್ಮಲ್ಲಿ ನೀರಿಲ್ವಾ, ಡ್ಯಾಮ್ ಇಲ್ವಾ?" ಅಂತ ಕೇಳಿದಳು. ಶರಾವತಿ ದಂಡೆಯ ಹೆಂಗಸಿಗೆ ಮೊದಲು ಹೊಳೆಯುವ ಪ್ರಶ್ನೆ ಅದೇ. ನೀರಿದೆ ಅಮ್ಮ, ಡ್ಯಾಮೂ ಇದೆ, ಲೆಕ್ಕ ಬೇರೆ ಕಡೆ ಕೂತಿದೆ ಅಂದೆ. ಆ ಲೆಕ್ಕ ಎಲ್ಲಿ ಕೂತಿದೆ ಎಂಬುದನ್ನು ಅವಳಿಗೆ ಫೋನಿನಲ್ಲಿ ಬಿಡಿಸಿ ಹೇಳಲು ಆಗಿರಲಿಲ್ಲ. ಇವತ್ತು ಬರೆಯುತ್ತಿದ್ದೇನೆ.

2022ರ ಸೆಪ್ಟೆಂಬರ್ 2, ಶುಕ್ರವಾರ ಸಂಜೆ. ಜರ್ಮನಿಗೆ ಹೋಗುತ್ತಿದ್ದ ನಾರ್ಡ್ ಸ್ಟ್ರೀಮ್ 1 ಕೊಳವೆಯಲ್ಲಿ ಅನಿಲ ಬಿಡುವುದನ್ನು ಅನಿರ್ದಿಷ್ಟ ಕಾಲ ನಿಲ್ಲಿಸುತ್ತೇವೆ ಎಂದು ರಷ್ಯಾದ ಅನಿಲ ಕಂಪನಿ ಗಾಜ್‌ಪ್ರಾಮ್ ಹೇಳಿತು. ಅನಿಲದ ಬೆಲೆ ಏರಿದರೆ ಅದರ ಬೆನ್ನಿಗೇ ಕರೆಂಟಿನ ಬೆಲೆಯೂ ಏರುತ್ತದೆ. ಮರುದಿನ ಶನಿವಾರ ಪ್ರಧಾನಿ ಮ್ಯಾಗ್ಡಲೀನಾ ಆಂಡರ್ಸನ್, ಹಣಕಾಸು ಸಚಿವ ಮಿಕಾಯೆಲ್ ಡಾಂಬರ್ಗ್ ಪತ್ರಿಕಾಗೋಷ್ಠಿ ಕರೆದರು. ನಾರ್ಡಿಕ್ ಮತ್ತು ಬಾಲ್ಟಿಕ್ ದೇಶಗಳ ವಿದ್ಯುತ್ ಕಂಪನಿಗಳಿಗೆ 25,000 ಕೋಟಿ ಕ್ರೋನಾವರೆಗೆ ಸರ್ಕಾರದ ಖಾತರಿ! ಸೋಮವಾರ ಮಾರುಕಟ್ಟೆ ತೆರೆಯುವ ಮುಂಚೆ ಇದನ್ನು ಮಾಡದಿದ್ದರೆ ಹಣಕಾಸು ಬಿಕ್ಕಟ್ಟೇ ಎದುರಾಗಬಹುದು ಎಂದರು. ಪಕ್ಕದ ಫಿನ್‌ಲೆಂಡ್ ಕೂಡ ಅದೇ ವಾರಾಂತ್ಯ 1,000 ಕೋಟಿ ಯೂರೋ ನೆರವು ಪ್ರಕಟಿಸಿತು. ಅಲ್ಲಿನ ಸಚಿವರ ಬಾಯಲ್ಲಿ 2008ರಲ್ಲಿ ಮುಳುಗಿದ ಅಮೆರಿಕದ ಬ್ಯಾಂಕು ಲೇಮನ್ ಬ್ರದರ್ಸ್ ಹೆಸರು ಬಂತು.

ಬೆಲೆ ಏರಿದರೆ ಕರೆಂಟು ಮಾರುವವನಿಗೆ ಲಾಭವಲ್ಲವೇ, ಅವನಿಗೇಕೆ ಖಾತರಿ? ಅಡಿಕೆ ಬೆಳೆಯುವ ಮನೆಯಲ್ಲಿ ಹುಟ್ಟಿದ ನನಗೆ ಇದು ಮಂಡಿಯ ಲೆಕ್ಕದಲ್ಲಿ ಅರ್ಥವಾಯಿತು. ಕೊನೆಕೊಯ್ಲಿಗೆ ಮೊದಲೇ ಒಂದು ಬೆಲೆಗೆ ಮಾತು ಕೊಟ್ಟಿದ್ದೀರಿ ಅಂತಿಟ್ಟುಕೊಳ್ಳಿ. ಪೇಟೆಯ ಧಾರಣೆ ಹತ್ತು ಪಟ್ಟು ಏರಿತು. ನೀವು ಮಾತು ತಪ್ಪಿದರೆ ಎಂಬ ಭಯಕ್ಕೆ, ನಡುವೆ ನಿಂತವನು ವ್ಯತ್ಯಾಸದಷ್ಟು ಹಣವನ್ನು ಇವತ್ತೇ ಒತ್ತೆ ಇಡಿ ಅನ್ನುತ್ತಾನೆ. ನಿಮ್ಮ ಅಡಿಕೆ ಇನ್ನೂ ಮರದಲ್ಲಿದೆ, ಕೈಯಲ್ಲಿ ಕಾಸಿಲ್ಲ. ವಿದ್ಯುತ್ ಕಂಪನಿಗಳಿಗೆ ಆದದ್ದು ಇದೇ. ಮುಂದಿನ ವರ್ಷಗಳ ಕರೆಂಟನ್ನು ಹಳೆಯ ಬೆಲೆಗೆ ಮಾರಿಟ್ಟಿದ್ದವು. ನಡುವೆ ನಿಂತವನ ಜಾಗದಲ್ಲಿದ್ದ, ಸ್ಟಾಕ್‌ಹೋಮಿನ ನಾಸ್ಡಾಕ್ ಕ್ಲಿಯರಿಂಗ್ ಎಂಬ ಸಂಸ್ಥೆ, ಬೆಲೆ ಏರಿದಷ್ಟೂ ಒತ್ತೆ ಕೇಳುತ್ತ ಹೋಯಿತು. ಒಂದು ಕಂಪನಿ ಕೈಚೆಲ್ಲಿದರೆ ಅದರ ಹೊರೆ ಉಳಿದವರ ಮೇಲೆ. ಅದು ಬರೀ ಊಹೆಯಲ್ಲ. 2018ರ ಸೆಪ್ಟೆಂಬರ್‌ನಲ್ಲಿ ನಾರ್ವೆಯ ಒಬ್ಬನೇ ಒಬ್ಬ ವ್ಯಾಪಾರಿ ಸೋತು, ಇದೇ ಸಂಸ್ಥೆಯಲ್ಲಿ ಎಲ್ಲ ಸದಸ್ಯರೂ ಸೇರಿ ಕೂಡಿಟ್ಟಿದ್ದ ನಿಧಿಯಿಂದ 10 ಕೋಟಿ ಯೂರೋಗೂ ಹೆಚ್ಚು ಕರಗಿಹೋಗಿತ್ತು.

ಹಾಗಾಗಿ ಆ ಶನಿವಾರದ ಖಾತರಿಯನ್ನು ನಾನು ತಪ್ಪು ಅನ್ನುವುದಿಲ್ಲ. ಖಾತರಿ ಅಂದರೆ ಖರ್ಚಾದ ಹಣವೂ ಅಲ್ಲ. ಆದರೆ ಆ ದಿನ ಇಲ್ಲಿನ ಕೇಂದ್ರ ಬ್ಯಾಂಕಾದ ರಿಕ್ಸ್‌ಬ್ಯಾಂಕಿನ ಗವರ್ನರ್ ಆಗಿದ್ದ ಸ್ಟೆಫಾನ್ ಇಂಗ್ವೆಸ್, 1990ರ ದಶಕದಲ್ಲಿ ಬ್ಯಾಂಕುಗಳನ್ನು ಎತ್ತಿ ನಿಲ್ಲಿಸಲು ಕಟ್ಟಿದ ಸರ್ಕಾರಿ ಸಂಸ್ಥೆಯನ್ನು ಮುನ್ನಡೆಸಿದ್ದವರು. ಆ ಕಥೆ ನೆನಪಿದ್ದವರಿಗೆ ಈ ಎರಡರ ನಡುವಿನ ಅಂತರ ಕಣ್ಣಿಗೆ ಚುಚ್ಚುತ್ತದೆ.

1985ರ ನವೆಂಬರ್‌ನಲ್ಲಿ ಬ್ಯಾಂಕುಗಳು ಎಷ್ಟು ಸಾಲ ಕೊಡಬಹುದು ಎಂಬ ಮಿತಿಯನ್ನು ತೆಗೆದುಹಾಕಿದರು. ಐದು ವರ್ಷ ಸಾಲದ ಹೊಳೆ ಹರಿಯಿತು, ಕಟ್ಟಡಗಳ ಬೆಲೆ ಆಕಾಶಕ್ಕೇರಿತು. 1990ರ ಸೆಪ್ಟೆಂಬರ್‌ನಲ್ಲಿ ನೂಕೆಲ್ನ್ ಎಂಬ ಫೈನಾನ್ಸ್ ಕಂಪನಿ ಮೊದಲು ಕುಸಿಯಿತು. ಅದರ ಹಿಂದೆಯೇ ಬ್ಯಾಂಕುಗಳು. 1992ರ ಸೆಪ್ಟೆಂಬರ್ 16ರಂದು ಕ್ರೋನಾದ ಬೆಲೆ ಕಾಯಲು ರಿಕ್ಸ್‌ಬ್ಯಾಂಕ್ ತನ್ನ ಬಡ್ಡಿಯನ್ನು 500% ಮಾಡಿತು. ಐನೂರು, ಓದಿದ್ದು ಸರಿಯಾಗಿಯೇ ಇದೆ. ಆದರೂ ಉಳಿಯಲಿಲ್ಲ, ನವೆಂಬರ್ 19ಕ್ಕೆ ಕ್ರೋನಾವನ್ನು ಮಾರುಕಟ್ಟೆಗೆ ಬಿಟ್ಟುಕೊಟ್ಟರು. 1991ರಿಂದ 1993ರವರೆಗೆ ಮೂರು ವರ್ಷ ಸತತವಾಗಿ ಆರ್ಥಿಕತೆ ಕುಗ್ಗಿತು. 2% ಆಸುಪಾಸಿನಲ್ಲಿದ್ದ ನಿರುದ್ಯೋಗ 8% ದಾಟಿತು. ನನ್ನ ಜೊತೆ ಕೆಲಸ ಮಾಡುವ ಹಿರಿಯರೊಬ್ಬರು ಆ ವರ್ಷಗಳ ಮಾತು ಬಂದರೆ ಇವತ್ತಿಗೂ ಕಾಫಿ ಲೋಟ ಕೆಳಗಿಟ್ಟು ಸುಮ್ಮನಾಗುತ್ತಾರೆ.

ಆಗ ಪ್ರಧಾನಿ ಕಾರ್ಲ್ ಬಿಲ್ಡ್ ಸರ್ಕಾರ ಮಾಡಿದ್ದನ್ನು ಗಮನಿಸಿ. 1992ರ ಸೆಪ್ಟೆಂಬರ್ 24ರಂದು, ಬ್ಯಾಂಕಿನಲ್ಲಿ ಹಣ ಇಟ್ಟವರಿಗೆ, ಬ್ಯಾಂಕಿಗೆ ಸಾಲ ಕೊಟ್ಟವರಿಗೆ ಒಂದು ಕಾಸೂ ನಷ್ಟವಾಗದು ಎಂದು ಮಾತು ಕೊಟ್ಟಿತು. ಷೇರುದಾರರನ್ನು ಆ ಮಾತಿನಿಂದ ಹೊರಗಿಟ್ಟಿತು. ಗೋಟಾ ಬ್ಯಾಂಕಿನ ಷೇರುದಾರರ ಹಣ ಪೂರ್ತಿ ಹೋಯಿತು. ನೂರ್ಡ್‌ಬ್ಯಾಂಕನ್ನು ಸರ್ಕಾರ ಪೂರ್ತಿ ತನ್ನದಾಗಿಸಿಕೊಂಡು, ಅದರ ಕೆಟ್ಟ ಸಾಲಗಳನ್ನೆಲ್ಲ ಸೆಕ್ಯೂರಮ್ ಎಂಬ ಪ್ರತ್ಯೇಕ ಕಂಪನಿಗೆ ಹಾಕಿತು, ಸುಮಾರು 6,700 ಕೋಟಿ ಕ್ರೋನಾ ಸಾಲ. ಒತ್ತೆಗೆ ಬಂದ ಕಟ್ಟಡಗಳನ್ನು ಅವಸರವಿಲ್ಲದೆ ಮಾರಿ 1997ಕ್ಕೆ ಬಾಗಿಲು ಹಾಕಿದರು. ಆ ಬ್ಯಾಂಕೇ ಮುಂದೆ ನೂರ್ಡಿಯಾ ಆಯಿತು. ಸರ್ಕಾರ ತನ್ನ ಕೊನೆಯ ಷೇರು ಮಾರಿದ್ದು 2013ರಲ್ಲಿ. ಹಾಕಿದ ಹಣದ ದೊಡ್ಡ ಭಾಗ ವಾಪಸು ಬಂತು. ಇದೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಬೇರೊಂದು. ವಿರೋಧ ಪಕ್ಷದ ಸೋಷಿಯಲ್ ಡೆಮಾಕ್ರಾಟರು ಈ ತೀರ್ಮಾನದಲ್ಲಿ ಜೊತೆಗಿದ್ದರು. 1994ರಲ್ಲಿ ಸರ್ಕಾರ ಬದಲಾದರೂ ಬ್ಯಾಂಕಿಗೆ ಕೊಟ್ಟ ಮಾತು ಬದಲಾಗಲಿಲ್ಲ.

ಇನ್ನು ಕರೆಂಟಿಗೆ ಬನ್ನಿ.

ಅಮೆರಿಕದ ಥ್ರೀ ಮೈಲ್ ಐಲೆಂಡ್ ಅಣುಸ್ಥಾವರದ ಅವಘಡದ ಮರುವರ್ಷ, 1980ರ ಮಾರ್ಚ್ 23ರಂದು ಇಲ್ಲಿ ಅಣುವಿದ್ಯುತ್ ಬಗ್ಗೆ ಜನಮತಗಣನೆ ನಡೆಯಿತು. ಮತಚೀಟಿಯಲ್ಲಿ ಮೂರು ಆಯ್ಕೆ, ಮೂರೂ ಒಂದಲ್ಲ ಒಂದು ದಿನ ಮುಚ್ಚುವ ಆಯ್ಕೆಗಳೇ. 2010ರೊಳಗೆ ಎಲ್ಲ ಸ್ಥಾವರಗಳನ್ನೂ ಮುಚ್ಚಬೇಕೆಂದು ಸಂಸತ್ತು ತೀರ್ಮಾನಿಸಿತು. ಅದೇ ಹೊತ್ತಿಗೆ ಹೊಸವು ಏಳುತ್ತಲೇ ಇದ್ದವು. 1985ಕ್ಕೆ 12 ರಿಯಾಕ್ಟರುಗಳು ಓಡುತ್ತಿದ್ದವು. ಕೊನೆಗೆ 2010 ಬಂದಾಗ ಏನಾಯಿತು? ಆ ವರ್ಷ ಜೂನ್‌ನಲ್ಲಿ ಹಳೆಯ ರಿಯಾಕ್ಟರಿನ ಜಾಗದಲ್ಲಿ ಹೊಸದು ಕಟ್ಟಬಹುದು ಎಂದು 174–172 ಮತಗಳಿಂದ ಕಾನೂನು ಪಾಸಾಯಿತು. ಅರವತ್ತು ವರ್ಷ ಓಡಬೇಕಾದ ಯಂತ್ರದ ಭವಿಷ್ಯ ಎರಡು ಮತಗಳ ಮೇಲೆ!

ನಮ್ಮ ಮನೆಯಿಂದ ಸ್ವಲ್ಪ ದೂರ ಉತ್ತರಕ್ಕೆ ಹೋದರೆ ಸಮುದ್ರದಂಚಿನಲ್ಲಿ ಬಾರ್ಸೆಬೆಕ್ ಅಣುಸ್ಥಾವರ. ಕೋಪನ್‌ಹೇಗನ್ ಅಲ್ಲಿಂದ ಬರೀ 20 ಕಿಲೋಮೀಟರ್, ಡೆನ್ಮಾರ್ಕಿನವರಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಅವರ ಭಯವನ್ನು ನಾನು ಹಗುರವಾಗಿ ನೋಡುವುದಿಲ್ಲ. 1999ರಲ್ಲಿ ಒಂದು, 2005ರಲ್ಲಿ ಇನ್ನೊಂದು ರಿಯಾಕ್ಟರ್ ಮುಚ್ಚಿದರು. ಮುಚ್ಚಿಸಿದ ಸರ್ಕಾರವೇ ಮಾಲೀಕ ಕಂಪನಿಗೆ ಪರಿಹಾರವನ್ನೂ ಕೊಟ್ಟಿತು. ಆಮೇಲೆ 2019ರ ಕೊನೆಗೆ ರಿಂಗ್‌ಹಾಲ್ಸ್ 2, 2020ರ ಕೊನೆಗೆ ರಿಂಗ್‌ಹಾಲ್ಸ್ 1. ಇವನ್ನು ಮುಚ್ಚಿದ್ದು ಯಾರು ಎಂದು ಇವತ್ತಿಗೂ ಜಗಳ ನಿಂತಿಲ್ಲ. ಬಲಪಕ್ಷಗಳು ರಾಜಕೀಯ ಅನ್ನುತ್ತವೆ, ಎಡಪಕ್ಷಗಳು ಮಾರುಕಟ್ಟೆ ಅನ್ನುತ್ತವೆ. 2015ರಲ್ಲಿ ಸರ್ಕಾರಿ ವಿದ್ಯುತ್ ಕಂಪನಿ ವಾಟೆನ್‌ಫಾಲ್ ಆ ನಿರ್ಧಾರ ಮಾಡಿದಾಗ ಕರೆಂಟಿನ ಬೆಲೆ ಪಾತಾಳದಲ್ಲಿತ್ತು, ರಿಯಾಕ್ಟರ್‌ಗಳ ಮೇಲಿನ ವಿಶೇಷ ತೆರಿಗೆಯೂ ಅದೇ ವರ್ಷ ಏರಿತ್ತು. ಎರಡೂ ಕೈ ಸೇರಿಯೇ ಕುತ್ತಿಗೆ ಹಿಸುಕಿದ್ದು ಎಂದು ನನ್ನ ಅಭಿಪ್ರಾಯ.

ವಾಟೆನ್‌ಫಾಲ್ ಅಂದರೆ ಜಲಪಾತ ಎಂದರ್ಥ. 1909ರಲ್ಲಿ ನದಿಗಳ ವಿದ್ಯುತ್ತಿಗಾಗಿ ಹುಟ್ಟಿದ, ಇಡಿಯಾಗಿ ಸರ್ಕಾರದ ಸಂಸ್ಥೆ. 2009ರಲ್ಲಿ, ಜಗತ್ತೇ ಹಣಕಾಸು ಬಿಕ್ಕಟ್ಟಿನಲ್ಲಿದ್ದಾಗ, ಅದು ನೆದರ್‌ಲೆಂಡಿನ ನೂವಾನ್ ಕಂಪನಿಗೆ ಸುಮಾರು 850 ಕೋಟಿ ಯೂರೋ ಬೆಲೆ ಕಟ್ಟಿ ಕೊಳ್ಳಲು ಒಪ್ಪಿತು. ನಾಲ್ಕು ವರ್ಷಕ್ಕೆ, ನೂವಾನ್ ಮತ್ತು ಇತರ ಆಸ್ತಿಗಳ ಬೆಲೆ ಕುಸಿದು, ಸುಮಾರು 3,000 ಕೋಟಿ ಕ್ರೋನಾವನ್ನು ಲೆಕ್ಕದಿಂದ ಅಳಿಸಬೇಕಾಯಿತು. ಲೂಲೆ ನದಿಯ ಮೇಲ್ಭಾಗದಲ್ಲಿ ಸ್ಟೋರಾ ಶೋಫಾಲೆಟ್ ಎಂಬ ದೊಡ್ಡ ಜಲಪಾತವಿತ್ತು. ಅದರ ಹೆಸರಲ್ಲೇ ರಾಷ್ಟ್ರೀಯ ಉದ್ಯಾನ ಮಾಡಿ, ಹತ್ತು ವರ್ಷಕ್ಕೆ ವಿದ್ಯುತ್ತಿಗಾಗಿ ಆ ಜಲಪಾತವನ್ನೇ ಉದ್ಯಾನದಿಂದ ಹೊರಗೆ ಹಾಕಿದರು. ಸಾಮಿ ಜನರ ನೆಲ ಅದು. ಅಲ್ಲಿ ನಿಂತಾಗ ನನಗೆ ಜೋಗ, ಲಿಂಗನಮಕ್ಕಿ ನೆನಪಾಗಿ ಹೊಟ್ಟೆಯಲ್ಲಿ ಸಂಕಟವಾಯಿತು. ಅಷ್ಟು ಬೆಲೆ ತೆತ್ತು ಗಳಿಸಿದ ಹಣ ಹೀಗೆ ಹೋಗಬಾರದಿತ್ತು.

2016ರಲ್ಲಿ ಒಂದು ಒಳ್ಳೆಯ ಕೆಲಸವಾಗಿತ್ತು. ಐದು ಪಕ್ಷಗಳು, ಎಡ ಬಲ ಎರಡೂ, ಸೇರಿ ಇಂಧನ ಒಪ್ಪಂದಕ್ಕೆ ಸಹಿ ಹಾಕಿದವು. 2040ಕ್ಕೆ ಪೂರ್ತಿ ನವೀಕರಿಸಬಹುದಾದ ವಿದ್ಯುತ್ ಎಂಬ ಗುರಿ, ಅಣುಸ್ಥಾವರದ ವಿಶೇಷ ತೆರಿಗೆ ರದ್ದು, ಇದ್ದ ಜಾಗಗಳಲ್ಲಿ ಹೊಸ ರಿಯಾಕ್ಟರಿಗೆ ಅವಕಾಶ. 2019ರ ಡಿಸೆಂಬರ್‌ನಲ್ಲಿ ಬಲಬಣದ ಮಾಡರೇಟ್ ಮತ್ತು ಕ್ರಿಶ್ಚಿಯನ್ ಡೆಮಾಕ್ರಾಟ್ ಪಕ್ಷಗಳು ಎದ್ದು ಹೊರಟವು. ಮೂರೂವರೆ ವರ್ಷ ಬಾಳಿದ ಒಪ್ಪಂದ. 2023ರಲ್ಲಿ ಹೊಸ ಸರ್ಕಾರ ಗುರಿಯ ಹೆಸರು ಬದಲಿಸಿತು, 'ನವೀಕರಿಸಬಹುದಾದ' ಹೋಗಿ 'ಪಳೆಯುಳಿಕೆ ಇಂಧನವಿಲ್ಲದ' ಬಂತು. 2024ರ ನವೆಂಬರ್‌ನಲ್ಲಿ ಬಾಲ್ಟಿಕ್ ಸಮುದ್ರದ 13 ಗಾಳಿ ವಿದ್ಯುತ್ ಯೋಜನೆಗಳಿಗೆ ರಕ್ಷಣೆಯ ಕಾರಣ ಕೊಟ್ಟು ಒಂದೇ ದಿನ ಇಲ್ಲ ಎಂದಿತು. ಆ ಗಾಳಿ ನಮ್ಮ ದಕ್ಷಿಣದ ಬಾಗಿಲಿಗೇ ಬೀಸುವ ಗಾಳಿ.

ನಾನು ಅಣುವಿದ್ಯುತ್ತಿನ ವಿರೋಧಿಯೂ ಅಲ್ಲ, ಗಾಳಿಯ ಭಕ್ತೆಯೂ ಅಲ್ಲ. ಎರಡಕ್ಕೂ ಇರುವ ಒಂದೇ ಗುಣ ಹೇಳುತ್ತೇನೆ: ಹಣವೆಲ್ಲ ಮೊದಲೇ ಸುರಿಯಬೇಕು, ಆಮೇಲೆ ಬಂದದ್ದೆಲ್ಲ ಬಡ್ಡಿಯ ಲೆಕ್ಕ. ಫಿನ್‌ಲೆಂಡಿನ ಓಲ್ಕಿಲುವೊಟೊ 3 ರಿಯಾಕ್ಟರ್ ಕಟ್ಟಲು ಶುರುವಾದದ್ದು 2005ರಲ್ಲಿ, ಪೂರ್ಣ ಪ್ರಮಾಣದಲ್ಲಿ ಓಡಿದ್ದು 2023ರಲ್ಲಿ. ಅಷ್ಟು ವರ್ಷ ಸಾಲ ಸುಮ್ಮನೆ ಕೂರುವುದಿಲ್ಲ. ಗಾಳಿಯ ಕಡೆ ನೋಡಿದರೆ ಪೀಟಿಯೋ ಹತ್ತಿರದ ಮಾರ್ಕ್‌ಬುಗ್ಡೆನ್, 179 ಗಾಳಿಯಂತ್ರಗಳ ಕಂಪನಿ. ಗಾಳಿ ಬೀಸಲಿ ಬಿಡಲಿ ಇಷ್ಟು ವಿದ್ಯುತ್ ಕೊಟ್ಟೇ ಕೊಡುತ್ತೇವೆ ಎಂದು ನಾರ್ವೆಯ ಕಂಪನಿಯೊಂದಕ್ಕೆ ಬರೆದುಕೊಟ್ಟಿತ್ತು. ಗಾಳಿಯಿಲ್ಲದ ದಿನ ದುಬಾರಿ ಬೆಲೆಗೆ ಕೊಂಡು ಕೊಡಬೇಕಾಗಿ, 2023ರಲ್ಲಿ ಸಾಲ ಕೊಟ್ಟವರಿಂದ ರಕ್ಷಣೆ ಕೋರಿ ಕೋರ್ಟಿಗೆ ಹೋಯಿತು. ಶೆಲ್ಲೆಫ್ಟಿಯೋದ ನಾರ್ಥ್‌ವೋಲ್ಟ್ ಬ್ಯಾಟರಿ ಕಂಪನಿಯ ಕಥೆ ಎಲ್ಲರಿಗೂ ಗೊತ್ತು, 2025ರ ಮಾರ್ಚ್‌ನಲ್ಲಿ ದಿವಾಳಿ. ಅದರಲ್ಲಿ ನಮ್ಮ ಪಿಂಚಣಿ ನಿಧಿಗಳ ಹಣವೂ ಇತ್ತು. ಕೆಲಸದ ಪರವಾನಗಿಯ ಮೇಲೆ ಹೊರದೇಶಗಳಿಂದ ಬಂದಿದ್ದವರಿಗೆ ಬೇರೆ ಕೆಲಸ ಹುಡುಕಲು ಸಿಕ್ಕಿದ್ದು ಮೂರೇ ತಿಂಗಳು.

2025ರ ಮೇ ತಿಂಗಳಲ್ಲಿ ಸಂಸತ್ತು ಹೊಸ ರಿಯಾಕ್ಟರುಗಳಿಗೆ ಸರ್ಕಾರಿ ಸಾಲ, ಜೊತೆಗೆ 40 ವರ್ಷದವರೆಗೆ ಬೆಲೆಯ ಖಾತರಿ ಕೊಡುವ ಕಾನೂನು ಮಾಡಿತು. 5,000 ಮೆಗಾವಾಟ್‌ವರೆಗೆ. 2016ರಂತೆ ಎರಡೂ ಬಣ ಕೂತು ಸಹಿ ಹಾಕಿದ ಒಪ್ಪಂದದ ಆಸರೆ ಇದಕ್ಕಿರಲಿಲ್ಲ. ನನ್ನ ಮಕ್ಕಳಿಗೆ ನಡುವಯಸ್ಸು ದಾಟುವವರೆಗೆ ಎಳೆಯುವ ಸಾಲ ಇದು, ಚುನಾವಣೆ ಬರುವುದು ನಾಲ್ಕು ವರ್ಷಕ್ಕೊಮ್ಮೆ. ಮುಂದಿನವರು ಈ ಮಾತನ್ನು ಉಳಿಸುತ್ತಾರಾ ಎಂಬ ಅನುಮಾನವನ್ನು ಸಾಲ ಕೊಡುವವನು ಬಡ್ಡಿಗೆ ಸೇರಿಸುತ್ತಾನೆ, ಆ ಬಡ್ಡಿ ಕೊನೆಗೆ ಬಿಲ್ಲಿನಲ್ಲಿ ಕೂರುತ್ತದೆ.

ಬಿಲ್ಲಿನ ಮಾತು ಬಂತಲ್ಲ, 2023ರಲ್ಲಿ ನಮಗೆ ಪರಿಹಾರವೂ ಬಂತು. ವಲಯಗಳ ನಡುವಿನ ಬೆಲೆ ವ್ಯತ್ಯಾಸದಿಂದ ಸರ್ಕಾರಿ ಜಾಲ ಸಂಸ್ಥೆಯಲ್ಲಿ ಕೂಡಿದ್ದ ಹಣ ಅದು. ನಮ್ಮ ವಲಯಕ್ಕೆ ಯೂನಿಟ್‌ಗೆ 79 ಓರೆ, ಸ್ಟಾಕ್‌ಹೋಮ್ ವಲಯಕ್ಕೆ 50. ಹಿಂದೆ ಹೆಚ್ಚು ಉರಿಸಿದವರಿಗೆ ಹೆಚ್ಚು, ಉಳಿಸಿದವರಿಗೆ ಕಡಿಮೆ. ದೊಡ್ಡ ಬಂಗಲೆಯವರಿಗೆ ದೊಡ್ಡ ಮೊತ್ತ ಹೋಯಿತು. ನಮ್ಮ ಬೀದಿಯ ಒಂಟಿ ಅಜ್ಜಿ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಹೀಟರ್ ಆರಿಸಿದ್ದವರು, ಅವರಿಗೆ ಬಂದದ್ದು ಅಷ್ಟಕ್ಕಷ್ಟೆ. ನನಗೆ ಇದು ಇಂದಿಗೂ ನೋವು. ಅದೇ ಹೊತ್ತಿಗೆ 2022ರ ಏಪ್ರಿಲ್‌ವರೆಗೆ ಸೊನ್ನೆ ಇದ್ದ ರಿಕ್ಸ್‌ಬ್ಯಾಂಕಿನ ಬಡ್ಡಿ 2023ರ ಸೆಪ್ಟೆಂಬರ್‌ಗೆ 4% ಆಯಿತು. ಇಲ್ಲಿ ಬಹುತೇಕ ಮನೆ ಸಾಲಗಳ ಬಡ್ಡಿ ಅದರ ಜೊತೆಗೇ ಏರುತ್ತದೆ. ಕರೆಂಟು ದಿನಸಿಯ ಬೆಲೆ ಏರಿಸಿತು, ಬೆಲೆ ಬಡ್ಡಿ ಏರಿಸಿತು, ಮೂರೂ ಹೊರೆ ಒಂದೇ ಮನೆಯ ಮೇಲೆ ಬಿತ್ತು.

ಆ 2022ರ ಚುನಾವಣೆ ನಡೆದದ್ದು ಸೆಪ್ಟೆಂಬರ್ 11ಕ್ಕೆ, ಖಾತರಿ ಪ್ರಕಟವಾದ ಎಂಟನೇ ದಿನ. ಇಲ್ಲಿ ಚುನಾವಣೆ ಬಂದರೆ ಚೌಕಗಳಲ್ಲಿ ಪಕ್ಷಗಳು ಪುಟ್ಟ ಮರದ ಗುಡಿಸಲು ಹಾಕಿಕೊಂಡು ಕಾಫಿ ಕೊಟ್ಟು ಮಾತಾಡಿಸುತ್ತವೆ. ನಾನು ಒಂದೊಂದೇ ಗುಡಿಸಲಿಗೆ ಹೋಗಿ ಕೇಳಿದೆ: ಬೆಲೆ ಇಳಿದು ಕಂಪನಿಗಳು ಲಾಭಕ್ಕೆ ಬಂದರೆ ಖಾತರಿ ಕೊಟ್ಟ ನಮಗೆ ಅದರಲ್ಲಿ ಪಾಲುಂಟೇ? 1992ರಲ್ಲಿ ಬ್ಯಾಂಕನ್ನೇ ಕೈಗೆ ತೆಗೆದುಕೊಂಡಿರಲ್ಲ, ಈಗೇಕೆ ಆ ಮಾತೇ ಇಲ್ಲ? ಒಂದು ಕಡೆ ಗಾಳಿಯಂತ್ರದ ಚಿತ್ರವಿದ್ದ ಕರಪತ್ರ ಕೊಟ್ಟರು, ಇನ್ನೊಂದು ಕಡೆ ರಿಯಾಕ್ಟರಿನದು. ಕೊನೆಯ ಗುಡಿಸಲಿನಲ್ಲಿ ಇಪ್ಪತ್ತು ದಾಟಿರದ ಹುಡುಗಿಯೊಬ್ಬಳು ನನ್ನ ಪ್ರಶ್ನೆಯನ್ನು ಎರಡು ಸಲ ಕೇಳಿಸಿಕೊಂಡು, ಕರಪತ್ರದ ಬೆನ್ನಿಗೆ ಬರೆದುಕೊಂಡು, "ನಮ್ಮವರನ್ನು ಕೇಳಿ ತಿಳಿಸ್ತೇನೆ" ಎಂದು ನನ್ನ ಇಮೇಲ್ ವಿಳಾಸ ತೆಗೆದುಕೊಂಡಳು. ಉತ್ತರ ಬಂದಿಲ್ಲ. ಮುಂದಿನ ಸಲ ಗುಡಿಸಲು ಏಳುವಾಗ ಇದೇ ಪ್ರಶ್ನೆಯನ್ನು, 40 ವರ್ಷದ ಆ ಸಾಲವನ್ನೂ ಸೇರಿಸಿ, ಸ್ವೀಡಿಶ್‌ನಲ್ಲಿ ಟೈಪ್ ಮಾಡಿಸಿಕೊಂಡು ಹೋಗುತ್ತೇನೆ. ಈ ದೇಶದಲ್ಲಿರುವ ಕನ್ನಡದವರು, ಮತ ಹಾಕುವ ಹಕ್ಕಿರುವವರು, ಜೊತೆಗೆ ಬರುವುದಾದರೆ ಕಾಮೆಂಟಿನಲ್ಲಿ ನಿಮ್ಮ ವಲಯದ ಸಂಖ್ಯೆ ಬರೆಯಿರಿ.