ಮೇಷ್ಟ್ರ ಕಿವಿಯಲ್ಲಿ ಮಿಲಿವ್ಯಾಟ್

ಕಿವಿ ಮಂದವಾದರೆ ನಮ್ಮಲ್ಲಿ ಯಾರೂ ಗಾಬರಿಯಾಗುವುದಿಲ್ಲ. ಟೀವಿ ಸೌಂಡು ಜಾಸ್ತಿ ಮಾಡುತ್ತಾರೆ, ಅಷ್ಟೆ. ಸೊಸೆ ಒಂದು ಕೇಳಿದರೆ ಮಾವ ಇನ್ನೊಂದು ಹೇಳುತ್ತಾರೆ, ಮನೆಮಂದಿ ನಗುತ್ತಾರೆ, ವರ್ಷಗಳು ಹೀಗೇ ಕಳೆಯುತ್ತವೆ. ಆದರೆ ಆ ಮಾವ ಒಂದು ದಿನ ಕಿವಿಗೆ ಮಷೀನು ಹಾಕಿಸಿಕೊಳ್ತೀನಿ ಅಂದರೋ, ಮುಗೀತು. ಇಡೀ ಬೀದಿಗೆ ಅವರ ಆರೋಗ್ಯದ ಚಿಂತೆ ಹತ್ತಿಕೊಳ್ಳುತ್ತದೆ.

ಮೈಸೂರಿನ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಈಚೆಗೆ ನಡೆದದ್ದೂ ಇದೇ. ರಿಟೈರಾದ ಮೇಷ್ಟ್ರೊಬ್ಬರು ಖುಷಿಯಾಗಿ ಸುದ್ದಿ ಹೇಳಿದರು. ತಾವು ಹಾಕಿಸಿಕೊಳ್ಳಬೇಕೆಂದಿರುವ ಕಿವಿ ಮಷೀನಿನಲ್ಲಿ ಬ್ಲೂಟೂತ್ ಇದೆಯಂತೆ, ಮಗಳು ಅಮೆರಿಕದಿಂದ ಫೋನ್ ಮಾಡಿದರೆ ಮಾತು ನೇರ ಕಿವಿಯೊಳಗೇ ಬಂದು ಬೀಳುತ್ತದಂತೆ.

"ಬ್ಲೂಟೂತಾ? ಮೆದುಳಿನ ಪಕ್ಕದಲ್ಲೇ? ಬೇಡಿ ಮೇಷ್ಟ್ರೇ, ರೇಡಿಯೇಶನ್ನು!" ಅಂದರು ಒಬ್ಬರು.

ಹಾಗೆ ಅಂದವರ ಬಾಯಲ್ಲಿ ಎಲೆ ಅಡಿಕೆ ಇತ್ತು. ಮಾತಿಗೆ ತೊಡಕಾಯಿತೆಂದು ಎದ್ದು ಹೋಗಿ, ಪಾಲಿಕೆಯವರು ನೆಟ್ಟ ಕ್ರೋಟನ್ ಗಿಡದ ಬುಡಕ್ಕೆ ಉಗಿದು, ಟವೆಲಿನಲ್ಲಿ ಬಾಯಿ ಒರೆಸಿಕೊಂಡು ಬಂದು ಮುಂದುವರಿಸಿದರು. "ಕ್ಯಾನ್ಸರ್ ಬರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯವರೇ ಹೇಳಿದ್ದಾರೆ, ನಾನು ಹೇಳ್ತಿರೋದಲ್ಲ."

ಹೇಳಿರುವುದು ನಿಜ. ಆ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ರೇಡಿಯೋ ತರಂಗಗಳನ್ನು '2ಬಿ' ಗುಂಪಿಗೆ ಸೇರಿಸಿತು. ತರಬಹುದೇನೋ, ಗಟ್ಟಿ ಸಾಕ್ಷಿ ಇಲ್ಲ ಅನ್ನುವಂಥವುಗಳ ಗುಂಪು ಅದು. ಲೋಳೆಸರದ ಇಡೀ ಎಲೆಯ ಸಾರ ಕೂಡ ಅದೇ ಗುಂಪಿನಲ್ಲಿದೆ. ಏಷ್ಯಾದ ಕೆಲವು ಕಡೆ ಮಾಡುವ ತರಕಾರಿ ಉಪ್ಪಿನಕಾಯಿಯೂ ಇದೆ. ಹಾಗಾದರೆ ಅಡಿಕೆ? ಅದು ಒಂದನೇ ಗುಂಪು. ಅಂದರೆ ಖಂಡಿತ ತರುತ್ತದೆ, ಅನುಮಾನವೇ ಬೇಡ ಅಂತ. ತಂಬಾಕು ಬೆರೆಸದ ಬರೀ ಅಡಿಕೆಗೂ ಅದೇ ಗತಿ. ಈ ಮಾತನ್ನು ಶಿವಮೊಗ್ಗದಲ್ಲೋ ಶಿರಸಿಯಲ್ಲೋ ನಿಂತು ಜೋರಾಗಿ ಹೇಳಿ ನೋಡಿ, ವಾಪಸ್ ಬರಲು ಬಸ್ ಸ್ಟ್ಯಾಂಡಿನ ದಾರಿ ತೋರಿಸುವವರೂ ಸಿಗಲ್ಲ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಹಾಗಾಗಿ ನಾವು ಬ್ಲೂಟೂತಿಗೆ ಹೆದರುತ್ತೇವೆ.

ಪಕ್ಕದಲ್ಲಿದ್ದ ಇನ್ನೊಬ್ಬರು ರಿಟೈರ್ಡ್ ಎಂಜಿನಿಯರ್. ಫೋನು ಸದಾ ಅಂಗಿಯ ಎಡ ಜೇಬಿನಲ್ಲಿ, ಹೃದಯದ ಮೇಲೆ. ಭಾವಮೈದುನನ ಜೊತೆ ಆಸ್ತಿ ವಿಷಯ ಮಾತಾಡಲು ಕೂತರೆ ಕಿವಿ ಬಿಸಿಯಾಗಿ, ಫೋನು ಈ ಕಿವಿಯಿಂದ ಆ ಕಿವಿಗೆ ಹೋಗಿ, ಬ್ಯಾಟರಿ ಮುಗಿದ ಮೇಲೆಯೇ ಜಗಳ ನಿಲ್ಲುವುದು. 4ಜಿ ಫೋನು ಟವರ್ ದೂರ ಇದ್ದಾಗ 200 ಮಿಲಿವ್ಯಾಟ್‌ವರೆಗೆ ತರಂಗ ಹೊರಗೆ ಬಿಡುತ್ತದೆ; ಸಾವಿರ ಮಿಲಿವ್ಯಾಟ್ ಸೇರಿದರೆ ಒಂದು ವ್ಯಾಟ್. ಮೇಷ್ಟ್ರ ಮಷೀನಿನ ಬ್ಲೂಟೂತ್ ಹೆಚ್ಚೆಂದರೆ ಕೆಲವೇ ಮಿಲಿವ್ಯಾಟ್. ಎಂಜಿನಿಯರ್ ಸಾಹೇಬರಿಗೆ ಇದು ಗೊತ್ತಿಲ್ಲದ್ದಲ್ಲ. "ಆದ್ರೂ ಕಿವಿ ಒಳಗೇ ಇಡೋದಲ್ವಾ?" ಅಂದರು.

ಅಷ್ಟರಲ್ಲಿ ಜಾಗಿಂಗ್ ಮಾಡುತ್ತಿದ್ದ ಹುಡುಗನೊಬ್ಬ ನಿಂತ. ಎರಡೂ ಕಿವಿಯಲ್ಲಿ ಬಿಳಿ ಇಯರ್‌ಬಡ್. ಒಂದನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡು, "ಅಂಕಲ್, ಮೈಕ್ರೋವೇವ್ ಓವನ್ ಕೆಲಸ ಮಾಡೋದೂ ಇದೇ 2.4 ಗಿಗಾಹರ್ಟ್ಸ್‌ನಲ್ಲಿ. ಹುಷಾರು" ಅಂತ ವಿಜ್ಞಾನ ತಿಳಿಸಿ, ಬಡ್ಡನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡು ಓಡಿದ. ಆ ಬಡ್ಡಿನಲ್ಲಿರುವುದೂ ಅದೇ ಬ್ಲೂಟೂತ್, ಅದೇ 2.4 ಗಿಗಾಹರ್ಟ್ಸ್. ಬಹುಶಃ ಅರವತ್ತು ದಾಟಿದವರಿಗೆ ಮಾತ್ರ ತಟ್ಟುವಂಥ ತರಂಗ ಇರಬೇಕು.

ಓವನ್ನಿನ ಮಾತೂ ಸುಳ್ಳಲ್ಲ. ಆದರೆ ಅದರದ್ದು 800 ವ್ಯಾಟ್, ಮುಚ್ಚಿದ ಡಬ್ಬಿಯೊಳಗೆ. ಮೇಷ್ಟ್ರ ಮಷೀನಿಗೆ ಹಾಕುವ ಸೆಲ್ಲನ್ನು ಒಮ್ಮೆ ನೋಡಿ. 312 ಅಂತ ನಂಬರು, ಮೇಲೆ ಕಂದು ಬಣ್ಣದ ಸ್ಟಿಕರು. ಬೆರಳ ತುದಿಯಿಂದ ಜಾರಿ ಬಿದ್ದರೆ ಹುಡುಕಲು ಮೊಮ್ಮಗನೇ ಬೇಕು. ಸ್ಟಿಕರ್ ಕಿತ್ತು ಒಂದು ನಿಮಿಷ ಗಾಳಿಗೆ ಬಿಡಬೇಕು, ಗಾಳಿ ಕುಡಿದ ಮೇಲೇ ಅದಕ್ಕೆ ಜೀವ ಬರುವುದು. ಒಂದೂವರೆ ವೋಲ್ಟೂ ಇಲ್ಲದ ಈ ಸೆಲ್ಲು ಶಬ್ದ ಹಿಡಿಯಬೇಕು, ಗದ್ದಲ ಸೋಸಬೇಕು, ಮಾತನ್ನು ದೊಡ್ಡದು ಮಾಡಬೇಕು, ಮಧ್ಯೆ ಫೋನಿನ ಜೊತೆ ಸಂಪರ್ಕವನ್ನೂ ಇಟ್ಟುಕೊಳ್ಳಬೇಕು. ಇಷ್ಟೆಲ್ಲ ಮಾಡಿಯೂ ಹೆಚ್ಚುಕಮ್ಮಿ ಒಂದು ವಾರ ಬಾಳಬೇಕು. ಮೆದುಳು ಬೇಯಿಸಲು ಅದರ ಹತ್ತಿರ ಸೌದೆ ಎಲ್ಲಿದೆ ಸ್ವಾಮಿ?

ಇನ್ನೊಂದು ಲೆಕ್ಕವಿದೆ. ಸುಮ್ಮನೆ ಕೂತ ಮನುಷ್ಯನ ಮೈಯಿಂದ ಸುಮಾರು 100 ವ್ಯಾಟ್ ಶಾಖ ಹೊರಬೀಳುತ್ತಲೇ ಇರುತ್ತದೆ. ಅದರಲ್ಲಿ ದೊಡ್ಡ ಪಾಲು ಇನ್‌ಫ್ರಾರೆಡ್, ಅದೂ ರೇಡಿಯೇಶನ್ನೇ. ಹಾಗೆ ನೋಡಿದರೆ ಮೇಷ್ಟ್ರ ಎಡಬಲಕ್ಕೆ ಅಂಟಿಕೊಂಡು ಕೂತು ಬುದ್ಧಿ ಹೇಳುತ್ತಿದ್ದ ಆ ಇಬ್ಬರು ಹಿತೈಷಿಗಳನ್ನೇ ಮೊದಲು ದೂರ ಇಡಬೇಕಿತ್ತು.

ಸಂಜೆ ಹೊತ್ತಿಗೆ ಮೇಷ್ಟ್ರ ಫೋನಿಗೆ ಫಾರ್ವರ್ಡುಗಳು ಬರತೊಡಗಿದವು. ಮೊದಲು ಬಂದದ್ದು ಇಲಿ. ಅಮೆರಿಕ ಸರ್ಕಾರದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮದವರು ಇಲಿಗಳನ್ನು ಎರಡು ವರ್ಷ, ದಿನಕ್ಕೆ ಒಂಬತ್ತು ಗಂಟೆ, ಇಡೀ ಮೈಗೆ ಮೊಬೈಲ್ ತರಂಗ ತಾಗುವ ಹಾಗೆ ಇಟ್ಟು ನೋಡಿದರು. ಗಂಡು ಇಲಿಗಳ ಹೃದಯದಲ್ಲಿ ಗೆಡ್ಡೆ ಕಂಡಿತು ಅಂತ 2018ರಲ್ಲಿ ವರದಿ ಬಂತು. ಫಾರ್ವರ್ಡ್ ಇಲ್ಲಿಗೆ ಮುಗಿಯುತ್ತದೆ. ವರದಿ ಮುಗಿಯುವುದಿಲ್ಲ. ತರಂಗ ತಾಗಿಸಿಕೊಂಡ ಗಂಡು ಇಲಿಗಳು ತಾಗಿಸಿಕೊಳ್ಳದವಕ್ಕಿಂತ ಹೆಚ್ಚು ಕಾಲ ಬದುಕಿದವು ಅಂತಲೂ ಅದರಲ್ಲಿದೆ. ಆಯಸ್ಸು ಬೇಕಾದವರು ಟವರ್ ಕೆಳಗೆ ಚಾಪೆ ಹಾಸಿಕೊಳ್ಳಿ ಅಂತ ಮಾತ್ರ ಯಾರೂ ಫಾರ್ವರ್ಡ್ ಮಾಡಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ ದೊಡ್ಡ ಪರಿಶೀಲನೆಯೊಂದು 2024ರಲ್ಲಿ ಪ್ರಕಟವಾಯಿತು. ಮೊಬೈಲಿಗೂ ಮೆದುಳಿನ ಕ್ಯಾನ್ಸರಿಗೂ ನಂಟು ಕಾಣಲಿಲ್ಲ ಅಂತ ಅದರಲ್ಲಿತ್ತು. ಅದೂ ಬರಲಿಲ್ಲ. 'ಏನೂ ಆಗಲ್ಲ' ಅನ್ನುವ ಸುದ್ದಿಯನ್ನು 'ತಪ್ಪದೇ ಓದಿ, ಹತ್ತು ಜನಕ್ಕೆ ಕಳಿಸಿ' ಅಂತ ಕಳಿಸಿದವರನ್ನು ನೀವೇನಾದರೂ ಕಂಡಿದ್ದೀರಾ?

ಭಯ ಇದ್ದ ಕಡೆ ಅಂಗಡಿಯೂ ಇರಲೇಬೇಕಲ್ಲ. ಫೋನಿನ ಹಿಂದೆ ಅಂಟಿಸುವ ಸ್ಟಿಕರ್ ಬಂತು. ಅದು ನಿಜಕ್ಕೂ ತರಂಗ ತಡೆದರೆ ಫೋನು ಕೆಲಸವೇ ಮಾಡಬಾರದು. ಅರ್ಧಂಬರ್ಧ ತಡೆದರೆ ಫೋನು ಟವರ್ ಮುಟ್ಟಲು ಇನ್ನಷ್ಟು ಶಕ್ತಿ ಹಾಕುತ್ತದೆ, ಅಂದರೆ ರೇಡಿಯೇಶನ್ ಜಾಸ್ತಿ. ಏನೂ ಮಾಡದಿದ್ದರೆ ಮಾತ್ರ ದುಡ್ಡಿಗೆ ಮೋಸವಿಲ್ಲ ಅನ್ನಬೇಕು. 2020ರ ಅಕ್ಟೋಬರಿನಲ್ಲಿ ಗೋವುಗಳಿಗಾಗಿ ಕೇಂದ್ರ ಸರ್ಕಾರ ಮಾಡಿದ್ದ ರಾಷ್ಟ್ರೀಯ ಕಾಮಧೇನು ಆಯೋಗದ ಅಧ್ಯಕ್ಷರು ಸಗಣಿಯಿಂದ ಮಾಡಿದ 'ಚಿಪ್' ಒಂದನ್ನು ಬಿಡುಗಡೆ ಮಾಡಿ, ಇದು ಮೊಬೈಲ್ ರೇಡಿಯೇಶನ್ ತಗ್ಗಿಸುತ್ತದೆ ಅಂದರು. ನೂರಾರು ವಿಜ್ಞಾನಿಗಳು ಸಹಿ ಹಾಕಿ ಆಧಾರ ಎಲ್ಲಿ ಅಂತ ಕೇಳಿದರು. ಸಗಣಿ ಬಿಡಿ, ಅದರಿಂದ ಕೆಡುಕಂತೂ ಇಲ್ಲ. ಇದಕ್ಕಿಂತ ರಸವತ್ತಾದದ್ದು ನೆದರ್ಲೆಂಡ್ಸ್‌ನಲ್ಲಿ ನಡೆಯಿತು. 5ಜಿಯಿಂದ ಕಾಪಾಡುತ್ತದೆ ಅಂತ ಅಲ್ಲಿ ಪೆಂಡೆಂಟು, ಬಳೆ, ಕಣ್ಣಿಗೆ ಕಟ್ಟುವ ಪಟ್ಟಿ ಮಾರುತ್ತಿದ್ದರು. ಅಲ್ಲಿನ ಪರಮಾಣು ಸುರಕ್ಷತಾ ಪ್ರಾಧಿಕಾರ ಪರೀಕ್ಷೆ ಮಾಡಿ 2021ರ ಡಿಸೆಂಬರಿನಲ್ಲಿ ಎಚ್ಚರಿಕೆ ಕೊಟ್ಟಿತು. ಅಂಥ ಹತ್ತು ಸರಕು ಸ್ವತಃ ವಿಕಿರಣ ಸೂಸುತ್ತಿದ್ದವು. ಬ್ಲೂಟೂತಿನ ಬಡಪಾಯಿ ರೇಡಿಯೇಶನ್ ಅಲ್ಲ, ಡಿಎನ್‌ಎಗೆ ಕೈ ಹಾಕುವಂಥ ಅಸಲಿ ಮಾಲು. ರೇಡಿಯೇಶನ್ನಿಗೆ ಹೆದರಿ, ದುಡ್ಡು ಕೊಟ್ಟು ರೇಡಿಯೇಶನ್ ತಂದು, ಕೊರಳಿಗೆ ಕಟ್ಟಿಕೊಂಡು ಜನ ನೆಮ್ಮದಿಯಿಂದ ಮಲಗಿದ್ದರು.

ನಮ್ಮಲ್ಲಿ ಕೋರ್ಟಿಗೂ ಹೋಗಿ ಆಗಿದೆ. ನಟಿ ಜೂಹಿ ಚಾವ್ಲಾ 2021ರಲ್ಲಿ 5ಜಿ ವಿರುದ್ಧ ದೆಹಲಿ ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಮೆಟ್ಟಿಲು ಅಂದೆ, ವಿಚಾರಣೆ ನಡೆದದ್ದು ಆನ್‌ಲೈನಿನಲ್ಲಿ. ನಡುವೆ ಯಾರೋ ನುಸುಳಿ ಅವರದೇ ಸಿನಿಮಾದ ಹಾಡು ಹಾಡತೊಡಗಿದರು. ಕೋರ್ಟು ಅರ್ಜಿ ವಜಾ ಮಾಡಿ 20 ಲಕ್ಷ ರೂಪಾಯಿ ಕಟ್ಟಿ ಅಂತು. ಮರುವರ್ಷ ಅದು 2 ಲಕ್ಷಕ್ಕೆ ಇಳಿಯಿತು.

ಈಗ ಕಿವಿಗೆ ಬರೋಣ. ಕಿವಿ ಹಾಳಾಗುವುದು ಜೋರು ಶಬ್ದದಿಂದ, ಇದಕ್ಕೆ ಇಲಿ ಬೇಕಿಲ್ಲ. ಜನವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ದಾಟಬಾರದು ಅಂತ 2000ದಿಂದ ಕಾನೂನೇ ಇದೆ. ನಮ್ಮ ಬಡಾವಣೆಯ ಗಣಪತಿ ವಿಸರ್ಜನೆಗೆ ಬನ್ನಿ. ಲಾರಿ ತುಂಬ ಡಿಜೆ ಬಾಕ್ಸು. ಕಿಟಕಿ ಗಾಜು ಅದುರುತ್ತದೆ, ಶೆಲ್ಫಿನ ಸ್ಟೀಲ್ ಲೋಟ ನಡೆದುಕೊಂಡು ಅಂಚಿಗೆ ಬರುತ್ತದೆ, ಎದೆಯೊಳಗೆ ಯಾರೋ ಗುದ್ದಿದ ಹಾಗಾಗುತ್ತದೆ. ಬಾಕ್ಸಿನ ಮುಂದೆಯೇ ಅಪ್ಪನ ಹೆಗಲ ಮೇಲೆ ಮೂರು ವರ್ಷದ ಮಗು. ಸಮಿತಿ ಅಧ್ಯಕ್ಷರು ಯಾರು ಅಂತೀರಿ? ಅದೇ, ಎಲೆ ಅಡಿಕೆಯವರು. ಮೇಷ್ಟ್ರ ಕಿವಿಯ ಬಗ್ಗೆ ಅಷ್ಟು ಕಾಳಜಿ ಇರುವವರು ಬಾಕ್ಸನ್ನು ನಿಲ್ಲಿಸಿದ್ದು ಮೇಷ್ಟ್ರ ಗೇಟಿನ ಎದುರಿಗೇ, ಅಲ್ಲಿ ನೆರಳಿದೆ ಅಂತ. ಆ ಓಡುವ ಹುಡುಗನ ಬಡ್ಡಿನ ಹಾಡು ಆಚೆ ಬೆಂಚಿಗೂ ಕೇಳಿಸುತ್ತಿತ್ತು. ಇಪ್ಪತ್ತು ವರ್ಷ ಬಿಟ್ಟು ಅವನಿಗೂ 312 ಸೆಲ್ಲು ಬೇಕಾಗುತ್ತದೆ, ಬ್ಲೂಟೂತಿನಿಂದಲ್ಲ, ವಾಲ್ಯೂಮಿನಿಂದ.

ಎಚ್ಚರ ಬೇಡವೇ ಬೇಡ ಅಂತಲ್ಲ. ಎದೆಯಲ್ಲಿ ಪೇಸ್‌ಮೇಕರ್ ಇದ್ದವರು ಇಂಥ ಸಾಧನವನ್ನು ಅಂಗಿ ಜೇಬಿಗೆ ಹಾಕಿಕೊಳ್ಳಬಾರದು, ಡಾಕ್ಟರನ್ನು ಕೇಳಿಯೇ ಬಳಸಬೇಕು. ಬ್ಲೂಟೂತ್ ಬೇಡ ಅನ್ನಿಸಿದವರು ಎಷ್ಟೋ ಮಾಡೆಲುಗಳಲ್ಲಿ ಅದನ್ನು ಆಫ್ ಮಾಡಬಹುದು. ಕಿವಿ ಪರೀಕ್ಷಿಸಿ ಮಷೀನು ಹೊಂದಿಸಿಕೊಡುವ ಆಡಿಯಾಲಜಿಸ್ಟ್ ಹತ್ತಿರ ಎರಡು ನಿಮಿಷದ ಮಾತು.

ಮೆದುಳಿನ ಮೇಲೆ ಅಷ್ಟು ಪ್ರೀತಿ ಇದ್ದವರಿಗೆ ಇನ್ನೊಂದು ವಿಷಯ. ಮರೆಗುಳಿ ಕಾಯಿಲೆ ಬಗ್ಗೆ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಕೊಟ್ಟ ವರದಿಯಲ್ಲಿ, ನಾವು ಕೈಯಾರೆ ತಗ್ಗಿಸಬಹುದಾದ 14 ಅಪಾಯಗಳ ಪಟ್ಟಿ ಇದೆ. ಕಿವಿ ಕೇಳಿಸದಿರುವುದು ಅದರಲ್ಲೊಂದು. ಮಷೀನು ಪಟ್ಟಿಯಲ್ಲಿಲ್ಲ. ಮೆದುಳಿಗೆ ಏನಾದೀತೋ ಅಂತ ಹೆದರಿ ಮಷೀನು ಬೇಡ ಅನ್ನುವವರು ಕಾಪಾಡುತ್ತಿರುವುದು ಯಾವ ಮೆದುಳನ್ನೋ.

ಅಸಲಿಗೆ ರೇಡಿಯೇಶನ್ ನೆಪ. ನಲವತ್ತಕ್ಕೆ ಕನ್ನಡಕ ಬಂದರೆ ಫ್ರೇಮ್ ಆರಿಸಲು ಗಂಟೆಗಟ್ಟಲೆ ಕನ್ನಡಿ ಮುಂದೆ ನಿಲ್ಲುತ್ತೇವೆ. ಎಪ್ಪತ್ತಕ್ಕೆ ಕಿವಿ ಮಷೀನು ಬಂದರೆ ಕೂದಲು ಬಿಟ್ಟು ಮುಚ್ಚುತ್ತೇವೆ. ಮುದುಕ ಅಂದಾರು ಅನ್ನುವ ನಾಚಿಕೆ ಒಂದು ಕಡೆ, ರೇಟು ಇನ್ನೊಂದು ಕಡೆ. ಒಳ್ಳೆಯ ಜೋಡಿಗೆ ಲಕ್ಷ ದಾಟುತ್ತದೆ. ಬೈಯುವುದಿದ್ದರೆ ಅದನ್ನು ಬೈಯಬೇಕು. ಆದರೆ 'ಅಪ್ಪನಿಗೆ ಅಷ್ಟು ದುಡ್ಡು ಹಾಕಲ್ಲ' ಅಂತ ಹೇಳಿದರೆ ಬೀದಿಯವರು ಏನಂದುಕೊಳ್ಳುತ್ತಾರೆ? 'ಅಪ್ಪನ ಆರೋಗ್ಯಕ್ಕೆ ರೇಡಿಯೇಶನ್ ಆಗಿಬರಲ್ಲ' ಅಂದರೆ ಮಗ ಅಂದರೆ ಹೀಗಿರಬೇಕು ಅಂತಾರೆ. ಇದೇ ಊರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ. ನಮ್ಮ ಬಡಾವಣೆಯವರಿಗೆ ಅದು ಬಸ್ ಸ್ಟಾಪಿನ ಗುರುತು.

ಕೊನೆಗೂ ಮೇಷ್ಟ್ರು ಹಟ ಹಿಡಿದು ಒಂದು ಕ್ಲಿನಿಕ್ಕಿಗೆ ಹೊರಟರು. ಮಗ ಸೊಸೆ ಜೊತೆಗೆ ನಾನೂ ಹೋಗಿದ್ದೆ. ಆಡಿಯಾಲಜಿಸ್ಟ್ ಹುಡುಗಿ ಪರೀಕ್ಷೆ ಮುಗಿಸಿ, ಟ್ರಯಲ್ ಮಷೀನನ್ನು ಎರಡೂ ಕಿವಿಗೆ ಹಾಕಿ, ಕಂಪ್ಯೂಟರಿನಲ್ಲಿ ಏನೋ ಸರಿಮಾಡಿದಳು. ಮೇಷ್ಟ್ರು ತಲೆ ಎತ್ತಿ ಫ್ಯಾನ್ ನೋಡಿದರು. ಅದು ಸದ್ದು ಮಾಡುತ್ತದೆ ಅಂತ ಆಗಲೇ ಗೊತ್ತಾದ ಹಾಗಿತ್ತು.

ಮಗ ಕೇಳಿದ, "ಮೇಡಂ, ರೇಡಿಯೇಶನ್ ಇಲ್ಲದ್ದು ಯಾವುದಾದ್ರೂ ಇದೆಯಾ?"

"ಇದೆ ಸಾರ್. ವೈರ್‌ಲೆಸ್ ಇಲ್ಲದ ಮಾಡೆಲ್. ರೇಟೂ ಕಮ್ಮಿ."

ಈ ಉತ್ತರಕ್ಕೆ ಮಗ ತಯಾರಾಗಿ ಬಂದಿರಲಿಲ್ಲ. "ಕಮ್ಮಿ ರೇಟಿಂದು ಕ್ವಾಲಿಟಿ ಹೇಗಿರತ್ತೋ..." ಅಂತ ತಡವರಿಸಿದ. ಆಮೇಲೆ ಹೆಂಡತಿ ಕಡೆ ತಿರುಗಿ, ಅಪ್ಪನ ಎದುರಿಗೇ ಇಷ್ಟು ವರ್ಷ ಮಾತಾಡಿ ಅಭ್ಯಾಸವಾದ ದನಿಯಲ್ಲಿ ಹೇಳಿದ, "ಈ ವಯಸ್ಸಲ್ಲಿ ಇವರು ಇನ್ನೇನು ಕೇಳಿಸ್ಕೋಬೇಕಾಗಿದೆ? ರೇಡಿಯೇಶನ್ ಅಂತ ಹೇಳಿ ಮುಂದಕ್ಕೆ ಹಾಕೋಣ. ಮೊದಲು ಹೊಸ ಕಾರು ಬುಕ್ ಮಾಡೋಣ."

ಟ್ರಯಲ್ ಮಷೀನು ಆನ್ ಆಗಿಯೇ ಇತ್ತು.

"ಕಾರೂ ಬೇಡ ಕಣೋ," ಅಂದರು ಮೇಷ್ಟ್ರು, "ಅದರಲ್ಲೂ ಬ್ಲೂಟೂತ್ ಇರತ್ತೆ."