ಎಲ್ಲಿಗೆ ಹೋಗುತ್ತೆ ಆ ಗ್ಯಾಸು?

ನಮ್ಮ ಮನೆಯ ಎಸಿಗೆ ಸಮಯಪ್ರಜ್ಞೆ ಜಾಸ್ತಿ. ಹವೆ ತಣ್ಣಗಿರುವ ದಿನ ಅದು ಕೆಡುವುದೇ ಇಲ್ಲ. ಬೆಳಿಗ್ಗೆ ಹರವಿದ ಟವೆಲ್ಲು ಸಂಜೆಯಾದರೂ ಒಣಗದ ದಿನ, ಫ್ಯಾನು ಹಬೆಯನ್ನೇ ತಿರುವಿ ತಿರುವಿ ಮುಖಕ್ಕೆ ರಾಚುವ ದಿನ ಬರಲಿ ಎಂದು ಕಾಯುತ್ತದೆ. ಅವತ್ತು ಒಂದು ಸಲ ‘ಟಕ್’ ಎನ್ನುತ್ತದೆ. ಆಮೇಲೆ ಬರೀ ಬಿಸಿಗಾಳಿ.

ಇದು ಹಗೆತನವಲ್ಲವಂತೆ. ಹೊರಗೆ ಸೆಕೆ ಏರಿದಷ್ಟೂ ಒಳಗಿನ ಬಿಸಿಯನ್ನು ಹೊರಗೆ ಚೆಲ್ಲುವುದು ಕಷ್ಟ. ಕೊಳವೆಯ ಗ್ಯಾಸಿನ ಒತ್ತಡ ಏರುತ್ತದೆ, ಅದನ್ನು ಒತ್ತಿ ಓಡಿಸುವ ಕಾಂಪ್ರೆಸರ್ ಜಾಸ್ತಿ ಕರೆಂಟು ಎಳೆಯುತ್ತದೆ, ಅದಕ್ಕೆ ಜೊತೆಯಾಗಿರುವ ಡಬ್ಬಿಯಂಥ ಕೆಪಾಸಿಟರ್ ಕಾದು ಉಬ್ಬಿಕೊಳ್ಳುತ್ತದೆ. ಹಾಗಾಗಿ ಎಸಿಗಳೆಲ್ಲ ಮಾತಾಡಿಕೊಂಡ ಹಾಗೆ ಒಂದೇ ವಾರ ಮಲಗುತ್ತವೆ. ಆ ವಾರ ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ “ನಿಮ್ಮದು 17ನೇ ಮನೆ ಸರ್” ಎನ್ನುತ್ತಾನೆ. ದನಿಯಲ್ಲಿ ಎಷ್ಟು ಸಮಾಧಾನವಿರುತ್ತದೆ ಎಂದರೆ, 18ನೆಯವನಾಗಲಿಲ್ಲವಲ್ಲ ಎಂದು ನಮಗೇ ಖುಷಿಯಾಗುತ್ತದೆ.

ಮೂರನೇ ದಿನ ಬಂದ. ಒಳಗಿನ ಯೂನಿಟ್ಟಿನ ಮುಖ ನೋಡಲಿಲ್ಲ, ಫಿಲ್ಟರ್ ಎಳೆಯಲಿಲ್ಲ. ಸೀದಾ ಬಾಲ್ಕನಿಗೆ ಹೋಗಿ, ಹೊರಗಿನ ಯೂನಿಟ್ಟಿಗೆ ಒತ್ತಡ ಅಳೆಯುವ ಗೇಜು ಸಿಕ್ಕಿಸಿ, ಮುಳ್ಳು ನೋಡಿ ನಿಟ್ಟುಸಿರು ಬಿಟ್ಟ.

“ಗ್ಯಾಸ್ ಹೋಗಿದೆ ಸರ್.”

ಈ ಮಾತು ಹೇಳುವುದಕ್ಕೆ ಒಂದು ಧಾಟಿ ಇದೆ. ಆಪರೇಷನ್ ಕೋಣೆಯಿಂದ ಹೊರಗೆ ಬಂದವರ ಧಾಟಿ. ಕೇಳಿದವರು ತಲೆ ತಗ್ಗಿಸಿ ‘ಮುಂದೇನು’ ಎನ್ನಬೇಕೇ ಹೊರತು ‘ಹೇಗೆ’ ಎನ್ನಬಾರದು. ನಾನೂ ಐದು ವರ್ಷದಿಂದ ತಗ್ಗಿಸುತ್ತಲೇ ಇದ್ದೇನೆ. ಕೆಟ್ಟ ಹೆಸರು ತಂದವಳು ಅಮ್ಮ.

“ಅಲ್ಲಪ್ಪಾ, ಹೋದ ವರ್ಷವೂ ಹೋಗಿದೆ ಅಂದಿದ್ದೆ. ಎಲ್ಲಿಗೆ ಹೋಗುತ್ತೆ ಅದು?”

“ಖಾಲಿ ಆಗುತ್ತೆ ಅಮ್ಮ. ನೀವು ಯೂಸ್ ಮಾಡ್ತೀರಲ್ಲ.”

“ಫ್ರಿಜ್ಜಲ್ಲೂ ಗ್ಯಾಸ್ ಇದೆಯಲ್ಲ? ಹನ್ನೆರಡು ವರ್ಷದಿಂದ ಹಗಲೂ ರಾತ್ರಿ ಓಡ್ತಾ ಇದೆ. ಅದು ಖಾಲಿನೇ ಆಗಿಲ್ಲ?”

“ಅದು ಬೇರೆ ಅಮ್ಮ.”

ಬೇರೆ ಏನಲ್ಲ. ಎರಡರಲ್ಲೂ ಗ್ಯಾಸು ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಒಳಗೆ ಬಿಸಿ ಹೀರಿ ಆವಿಯಾಗುತ್ತದೆ, ಹೊರಗೆ ಬಿಸಿ ಬಿಟ್ಟು ದ್ರವವಾಗುತ್ತದೆ, ಮತ್ತೆ ಒಳಗೆ ಬರುತ್ತದೆ. ಅದು ಪೆಟ್ರೋಲಲ್ಲ, ಉರಿದು ಮುಗಿಯುವುದಕ್ಕೆ. ಕಡಿಮೆಯಾಗಿದೆ ಎಂದರೆ ಎಲ್ಲೋ ತೂತಾಗಿದೆ, ಇಲ್ಲವೇ ಕೊಳವೆ ಕೂಡಿಸಿದ ನಟ್ಟು ಸಡಿಲವಾಗಿದೆ. ತೂತು ಬಿಟ್ಟು ಗ್ಯಾಸು ತುಂಬಿದರೆ ಮುಂದಿನ ಬೇಸಿಗೆಗೆ ಮತ್ತೆ ಅದೇ ಮುಳ್ಳು, ಅದೇ ನಿಟ್ಟುಸಿರು. ತೂತು ಮುಚ್ಚಿದರೆ ಒಂದು ಸಲದ ಸಂಪಾದನೆ, ಮುಚ್ಚದಿದ್ದರೆ ಪಿಂಚಣಿ. ಯಾವ ಬುದ್ಧಿವಂತ ಮುಚ್ಚುತ್ತಾನೆ ಹೇಳಿ.

ಇನ್ನೂ ಒಂದು ಸೊಗಸಿದೆ. ಕೆಲವು ಸಲ ಗ್ಯಾಸು ಹೋಗಿಯೇ ಇರುವುದಿಲ್ಲ. ಫಿಲ್ಟರ್ ತುಂಬ ಧೂಳು ಕಟ್ಟಿಕೊಂಡರೆ ಒಳಗಿನ ಕೊಳವೆಯ ಸುರುಳಿ, ಅಂದರೆ ಕಾಯಿಲಿನ ಮೇಲೆ ಗಾಳಿ ಹಾಯುವುದಿಲ್ಲ. ಗ್ಯಾಸಿಗೆ ಹೀರಲು ಬಿಸಿಯೇ ಸಿಗುವುದಿಲ್ಲ, ಒತ್ತಡ ಇಳಿಯುತ್ತದೆ, ಕಾಯಿಲಿನ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಆಗ ಗೇಜಿನ ಮುಳ್ಳೂ ಕೆಳಗೇ ತೋರಿಸುತ್ತದೆ. ಮುಳ್ಳು ನಂಬಿ ಗ್ಯಾಸು ತುರುಕಿದರೆ, ಬೇಡದ ಭಾರ ಕಾಂಪ್ರೆಸರ್ ಮೇಲೆ. ನಲ್ಲಿ ನೀರಲ್ಲಿ ತೊಳೆದರೆ ಹೋಗುತ್ತಿದ್ದ ಕಾಯಿಲೆಗೆ ರಕ್ತ ಕೊಟ್ಟ ಹಾಗೆ. ನಲ್ಲಿ ನೀರಿಗೆ ಬಿಲ್ಲಿಲ್ಲ, ರಕ್ತಕ್ಕೆ ಇದೆ.

ತೇವದ ಹವೆಯಲ್ಲಿ ಎಸಿಯ ಅರ್ಧ ಜೀವ ಗಾಳಿಯನ್ನು ಹಿಂಡುವುದರಲ್ಲೇ ಕಳೆಯುತ್ತದೆ. ಅದು ಹುಟ್ಟಿದ್ದೂ ಅದಕ್ಕೇ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಕಾಗದ ತೇವಕ್ಕೆ ಹಿಗ್ಗಿ, ಒಂದರ ಮೇಲೊಂದು ಹೊಡೆದ ಬಣ್ಣಗಳು ಪಕ್ಕಕ್ಕೆ ಸರಿಯುತ್ತಿದ್ದವು. ಅದನ್ನು ಸರಿಮಾಡಲು ವಿಲ್ಲಿಸ್ ಕ್ಯಾರಿಯರ್ ಎಂಬ ಯುವ ಎಂಜಿನಿಯರ್ ಈ ಯಂತ್ರದ ಯೋಜನೆ ಹಾಕಿದ. ಅಂದರೆ ಅದು ಮೊದಲು ಸುಖವಾಗಿಟ್ಟಿದ್ದು ಮನುಷ್ಯನನ್ನಲ್ಲ, ಕಾಗದವನ್ನು. ನಮ್ಮ ಎಸಿ ಕುಲಧರ್ಮ ಬಿಟ್ಟಿಲ್ಲ. ನಾವು ಬೆವರುತ್ತೇವೆ, ಡ್ರಾಯರಿನಲ್ಲಿ ಐದು ವರ್ಷದ ಬಿಲ್ಲುಗಳು ಗರಿಗರಿಯಾಗಿವೆ.

ಹಿಂಡಿದ ನೀರು ಸಣ್ಣ ಪೈಪಿನಲ್ಲಿ ಹೊರಗೆ ಹೋಗಬೇಕು. ಪೈಪಿನಲ್ಲಿ ಲೋಳೆ ಕಟ್ಟಿಕೊಂಡರೆ ಗೋಡೆಯ ಮೇಲೆ ಇಳಿಯುತ್ತದೆ. ಈ ಸೋರಿಕೆಗೆ ಮಾತ್ರ ಮೆಕ್ಯಾನಿಕ್ ಕೂಡಲೇ ಮದ್ದು ಮಾಡುತ್ತಾನೆ, ಯಾಕೆಂದರೆ ಗೋಡೆ ಸಾಕ್ಷಿ ಹೇಳುತ್ತದೆ. ಗ್ಯಾಸಿನ ಸೋರಿಕೆಗೆ ಬಣ್ಣವೂ ಇಲ್ಲ, ಗೋಡೆಯ ಮೇಲೆ ಕಲೆಯೂ ಇಲ್ಲ, ಸಾಕ್ಷಿಯೂ ಇಲ್ಲ. ಸಾಕ್ಷಿ ಇಲ್ಲದ ಕಡೆ ತೀರ್ಪು ಗೇಜು ಹಿಡಿದವನದು.

ವಾರಂಟಿ ಇಲ್ಲವೇ ಎಂದಿರಾ? ಇದೆ. ಕಾಂಪ್ರೆಸರ್‌ಗೆ 10 ವರ್ಷ ಎಂದು ಎದೆಯ ಮೇಲೆ ಸ್ಟಿಕರ್ ಅಂಟಿಸಿಕೊಂಡೇ ಮನೆಗೆ ಬಂದಿದೆ. ಸಣ್ಣ ಅಕ್ಷರ ಓದಲು ಅಮ್ಮನ ಕನ್ನಡಕ ಬೇಕಾಯಿತು. ಗ್ಯಾಸು ಸೇರಿಲ್ಲ, ಕೂಲಿ ಸೇರಿಲ್ಲ, ಸಾಗಣೆ ಸೇರಿಲ್ಲ. ಹೃದಯಕ್ಕೆ ಮಾತ್ರ ವಿಮೆ, ರಕ್ತವನ್ನು ನೀವೇ ತನ್ನಿ. ಜೊತೆಗೆ ವಿಸಿಟಿಂಗ್ ಚಾರ್ಜು ಬೇರೆ. ಬಾಗಿಲು ದಾಟಿ ಬಂದು ‘ಆಗಲ್ಲ’ ಎಂದು ಹೇಳುವುದಕ್ಕೆ ಕೊಡುವ ದುಡ್ಡು ಅದು. ಎಲ್ಲ ಕೂಡಿಸಿ ನೋಡಿದರೆ ಮೂಗಿಗಿಂತ ಮೂಗುತಿ ಭಾರ. ನೋಡಿದವನ ಮುಖ ಬಾಡಿದ್ದು ಕಂಡು ಹುಡುಗನೇ ಮೆಲ್ಲಗೆ ಸಲಹೆ ಕೊಡುತ್ತಾನೆ: “ಇಷ್ಟು ಖರ್ಚು ಮಾಡೋ ಬದಲು ಹೊಸದು ತಗೊಳ್ಳಿ ಸರ್.” ಹೊಸದಕ್ಕೂ ಆ ಸ್ಟಿಕರ್ ಇರುತ್ತದೆ.

ನಮ್ಮ ಯೂನಿಟ್ಟಿನ ಮೇಲೆ ಆರ್-410ಎ ಎಂದು ಬರೆದಿದೆ. ತೂಕಕ್ಕೆ ತೂಕ ಹೋಲಿಸಿದರೆ, ಈ ಗ್ಯಾಸು ಭೂಮಿಯನ್ನು ಇಂಗಾಲದ ಡೈಆಕ್ಸೈಡಿಗಿಂತ 2000 ಪಟ್ಟು ಜಾಸ್ತಿ ಬಿಸಿ ಮಾಡುತ್ತದೆ. ಇಂಥ ಗ್ಯಾಸುಗಳನ್ನು ಕಡಿಮೆ ಮಾಡೋಣ ಎಂದು 2016ರಲ್ಲಿ ಆಫ್ರಿಕಾದ ರುವಾಂಡಾ ದೇಶದ ಕಿಗಾಲಿ ಎಂಬ ಊರಲ್ಲಿ ದೇಶದೇಶಗಳ ಪ್ರತಿನಿಧಿಗಳು ಕೂತು ಒಪ್ಪಂದ ಮಾಡಿಕೊಂಡರು. ನಮ್ಮ ಬಾಲ್ಕನಿಯ ನಟ್ಟು ಆ ಸಭೆಗೆ ಹೋಗಿರಲಿಲ್ಲ. ಅದು ಸದ್ದಿಲ್ಲದೆ ಗ್ಯಾಸು ಬಿಡುತ್ತಿದೆ, ಆಕಾಶ ಬಿಸಿಯಾಗುತ್ತಿದೆ, ಸೆಕೆ ಏರುತ್ತಿದೆ, ನಾವು ಎಸಿ ಜಾಸ್ತಿ ಓಡಿಸುತ್ತಿದ್ದೇವೆ. ಬಿಸಿ ಮಾಡುವುದಕ್ಕೂ ನನ್ನದೇ ದುಡ್ಡು, ತಣ್ಣಗೆ ಮಾಡುವುದಕ್ಕೂ ನನ್ನದೇ.

ಆ ಹುಡುಗನನ್ನು ಬೈದು ಪ್ರಯೋಜನವಿಲ್ಲ, ಅದನ್ನೂ ಹೇಳಬೇಕು. ಉರಿಬಿಸಿಲಲ್ಲಿ ಕಿಟಕಿಯ ಸಜ್ಜದ ಮೇಲೆ ಒಂದು ಕಾಲಲ್ಲಿ ನಿಂತು ಕೆಲಸ ಮಾಡುವವನು ಅವನು. ಸೋರಿಕೆ ಹುಡುಕಿ, ಮುಚ್ಚಿ, ಪಂಪು ಹಚ್ಚಿ ಕೊಳವೆಯ ಗಾಳಿ, ತೇವ ಎಲ್ಲ ಎಳೆದು, ಆಮೇಲೆ ತೂಕ ಮಾಡಿ ಗ್ಯಾಸು ತುಂಬುತ್ತ ಕೂತರೆ 18ನೇ ಮನೆ ನಾಳೆಗೆ ಹೋಗುತ್ತದೆ. ನಾನೂ 18ನೆಯವನಾಗಿದ್ದರೆ ‘ಬೇಗ ತುಂಬಿ ಬಾರಪ್ಪಾ’ ಎಂದೇ ಫೋನಲ್ಲಿ ಕೂಗುತ್ತಿದ್ದೆ.

ಆದರೆ ಅಮ್ಮನಿಗೆ ಅವಸರವಿರಲಿಲ್ಲ. ಅವನು ಸಿಲಿಂಡರ್ ತರಲು ಕೆಳಗೆ ಹೋದಾಗ, ಪಾತ್ರೆ ತೊಳೆಯುವ ಸೋಪನ್ನು ಬಟ್ಟಲಲ್ಲಿ ಕಲಕಿಕೊಂಡು ಬಾಲ್ಕನಿಗೆ ನಡೆದಳು. ತಾಮ್ರದ ಕೊಳವೆ ಯೂನಿಟ್ಟಿಗೆ ಸೇರುವ ಕಡೆ ಸ್ಪಂಜಿನಿಂದ ನೊರೆ ಹಚ್ಚಿದಳು. ಒಂದು ನಟ್ಟು ಸುಮ್ನೆ ಇತ್ತು. ಇನ್ನೊಂದು ನಟ್ಟಿನ ಸುತ್ತ ಗುಳ್ಳೆ ಎದ್ದಿತು. ಒಡೆಯಿತು. ಮತ್ತೆ ಎದ್ದಿತು.

ಸಿಲಿಂಡರ್ ಹೊತ್ತು ಬಂದವನಿಗೆ “ಇಲ್ಲಿ ನೋಡು ಮಗಾ” ಎಂದು ತೋರಿಸಿದಳು. ಅವನು ನೋಡಿದ. ಬ್ಯಾಗಿನಿಂದ ಸ್ಪ್ಯಾನರ್ ತೆಗೆದು ನಟ್ಟನ್ನು ಮುಕ್ಕಾಲು ಸುತ್ತು ಬಿಗಿ ಮಾಡಿದ. ಗುಳ್ಳೆ ನಿಂತಿತು. ಐದು ವರ್ಷದಿಂದ ಹೋಗುತ್ತಿದ್ದದ್ದು ಆ ಮುಕ್ಕಾಲು ಸುತ್ತಿನಲ್ಲಿ ನಿಂತಿತು.

ಆಮೇಲೆ ಬಿಲ್ಲು ಬರೆದ. ವಿಸಿಟಿಂಗ್, ಗ್ಯಾಸ್, ಕೂಲಿ. ಕೆಳಗೆ ಈ ಸಲ ಹೊಸದೊಂದು ಸಾಲು: ‘ಲೀಕ್ ಟೆಸ್ಟಿಂಗ್ ಚಾರ್ಜ್’.

ಅಮ್ಮ ಕನ್ನಡಕ ಏರಿಸಿ ಎರಡು ಸಲ ಓದಿದಳು.

“ಸರಿ ಕಣಪ್ಪಾ. ಸೋಪಿನ ದುಡ್ಡು ಎಲ್ಲಿ ಕಳೆದಿದ್ದೀಯಾ ತೋರಿಸು.”